ಖಾಜಾಸಾಬ್ ಚಾಚಾ ಮತ್ತು ಎಡಗಾಲಿನ ಗೇರು

ಗಿರಾಕಿಯನ್ನು ಬೈಯದೆ ಖಾಜಾಸಾಬ್ ಚಾಚಾ ಗಾಡಿ ಮುಟ್ಟಿದ್ದನ್ನು ನಾನು ಕಂಡಿಲ್ಲ. ಸುಡುಬೇಸಿಗೆಯಲ್ಲೂ ತಲೆಗೆ ಉಲ್ಲನ್ ಟೊಪ್ಪಿಗೆ, ಬಾಯಿ ತುಂಬ ಎಲೆಅಡಿಕೆ, ಅದರ ಸಂದಿಯಿಂದಲೇ ಬೈಗುಳ. "ಗಾಡಿ ಹೊಡೀತೀರೋ, ಚಕ್ಕಡಿ ಹೊಡೀತೀರೋ? ಆಯಿಲ್ ಯಾವಾಗ ಹಾಕಿಸೀರಿ, ನಿಮ್ಮ ಲಗ್ನದಾಗೇನು?" ಕೇಶ್ವಾಪುರದ ಅವರ ಸಣ್ಣ ಗ್ಯಾರೇಜಿಗೆ ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇರುವ ಹಳೆಯ ಬುಲೆಟ್‌ಗಳು ಮಾತ್ರ ಬರುತ್ತಿದ್ದವು. ಹೊಸ ಗಾಡಿ ತಂದವರನ್ನು "ಮುಂದ ಹೋಗ್ರಿ, ಇದು ಮುದುಕರ ದವಾಖಾನಿ" ಎಂದು ಅಟ್ಟಿಬಿಡುತ್ತಿದ್ದರು.

ನಾನು ಹತ್ತಿ ವ್ಯಾಪಾರದವನು. ಶಿರಗುಪ್ಪಿ ಕಡೆಯ ಹೊಲಗಳನ್ನೆಲ್ಲ ಬುಲೆಟ್ ಮೇಲೆಯೇ ಸುತ್ತಿದವನು. ಕಳೆದ ವರ್ಷ ಗೋದಾಮಿನ ಮೆಟ್ಟಿಲ ಮೇಲಿಂದ ಬಿದ್ದು ಬಲಪಾದದ ಕೀಲು ಮುರಿಯಿತು. ಎಲುಬೇನೋ ಕೂಡಿತು, ಕೀಲು ಮಾತ್ರ ಕಟ್ಟಿಗೆಯ ಹಾಗೆ ಸೆಟೆದುಹೋಯಿತು. ಇಡೀ ಕಾಲೆತ್ತಿ ಒತ್ತಬಲ್ಲೆ. ಪಾದ ಮೇಲೆ ಕೆಳಗೆ ಆಡುವುದಿಲ್ಲ. ಅಂದರೆ ಗೇರು ಹಾಕಲಾರೆ. ಮಾರಿಬಿಡು ಎಂದರು ಮನೆಯವರು, ಗೆಳೆಯರು. ಅಂಗಳದಲ್ಲಿ ನಿಂತ ಗಾಡಿಯನ್ನು ದಿನಾ ಒರೆಸಿ, ಹತ್ತಲಾರದೆ ಹಾಗೇ ಬಿಡುತ್ತಿದ್ದೆ. ನನ್ನದು ಮುಗಿಯಿತು ಎಂದೇ ಅನ್ನಿಸಿಬಿಟ್ಟಿತ್ತು. ಕೊನೆಗೆ ಚಾಚಾನ ಮುಂದೆ ಹೋಗಿ, ಹೇಳಲು ನಾಚಿಕೆಯಿಲ್ಲ, ಅತ್ತೆ.

"ಅಳಾಕ ಬಂದೀರೇನು ಸಾವ್ಕಾರ್ರ? ಎಡಗಾಲು ಛಲೋ ಐತಲ್ಲ? ಗೇರ್ ಆ ಕಡಿಗೆ ತರೂಣು, ಕಣ್ಣ ಒರಸ್ಕೋರಿ ಮದಲ" ಎಂದರು.

ತರುವುದಕ್ಕೆ ಎರಡು ದಾರಿಗಳಿದ್ದವು. ಹಳೆಯ ನಾಲ್ಕು ಗೇರಿನ ಪೆಟ್ಟಿಗೆಯನ್ನೇ ಇಟ್ಟುಕೊಂಡು, ಅಡ್ಡಕ್ಕೆ ಒಂದು ಸರಳು ಹಾಯಿಸಿ ಪೆಡಲನ್ನು ಎಡಕ್ಕೆ ತರುವುದು ಸುಲಭದ ದಾರಿ. ಚಾಚಾ ಮೂಗು ಮುರಿದರು. "ಬ್ಯಾಡ್ರಿ. ಸರಳು ನಾಕ ದಿನಕ್ಕ ಸಡಲ ಆಗತೈತಿ. ನೀವು ಎರಡನೇದು ಅಂತ ಹಾಕ್ತೀರಿ, ಅದು ನ್ಯೂಟ್ರಲ್‌ದಾಗ ಹೋಗಿ ಕುಂಡರತೈತಿ." ಇನ್ನೊಂದು, ಎಡಕ್ಕೇ ಗೇರಿರುವ ಐದು ಗೇರಿನ ಪೆಟ್ಟಿಗೆಯನ್ನು ಹುಡುಕಿ ಕೂರಿಸುವುದು. ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಒಂದನ್ನು ತಂದರು. ಬೋಲ್ಟಿನ ತೂತುಗಳು ಕೂಡಿದವು, ಕ್ಲಚ್ ಕೂಡಲಿಲ್ಲ. ಕ್ಲಚ್ ಬದಲಿಸಿದರೆ ಚೈನು ಓರೆಯಾಯಿತು. ನಾನು ಕೈಚೆಲ್ಲಿ ಕೂತೆ. ಅವರು ಪೆಟ್ಟಿಗೆಗೂ ಬೈದು, ನನಗೂ ಬೈದು, ಬಿಚ್ಚಿ ಮತ್ತೆ ಕೂರಿಸಿದರು. ಚೈನು ನೆಟ್ಟಗಾದ ದಿನ ತಾವೇ ಹೋಗಿ ಮಿರ್ಚಿ ಭಜಿ ತಂದು ತಿನ್ನಿಸಿದರು.

ಗೇರು ಎಡಕ್ಕೆ ಬಂದ ಮೇಲೆ ಬ್ರೇಕು ಬಲಕ್ಕೆ ಹೋಯಿತು. ಮುಂದಿನ ಬ್ರೇಕು ಆ ಗಾಡಿಯಲ್ಲಿ ಹೆಸರಿಗಷ್ಟೇ. ಚಾಚಾನಿಗೆ ಖರೇ ಹೆದರಿಕೆ ಇದ್ದದ್ದು ಇಲ್ಲಿ. "ಪೆಟಗಿ ಬದಲಿ ಮಾಡೀನ್ರಿ, ಕಾಲಿನ ಚಟಾ ಹೆಂಗ ಬದಲಿ ಮಾಡ್ಲಿ? ಇಷ್ಟ ವರ್ಷ ಎಡಗಾಲು ಬ್ರೇಕ್ ತುಳದೈತಿ. ಏನರ ಅಡ್ಡ ಬಂದ್ರ ಅದು ನಿಮ್ಮನ್ನ ಕೇಳೂದಿಲ್ಲ, ತುಳದ ಬಿಡತೈತಿ." ದಿನಾ ಸಂಜೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ನನ್ನನ್ನು ಕೂರಿಸುವರು. "ಎಮ್ಮಿ ಬಂತು!" "ನಾಯಿ ಬಂತು!" "ನಿಮ್ಮ ಮಾವಾರು ಬಂದ್ರು!" ಕೂಗಿದೊಡನೆ ನಾನು ಬಲಗಾಲು ಒತ್ತಬೇಕು. ಎಡಗಾಲು ಅಲುಗಿದರೆ ಮೊಣಕಾಲಿಗೆ ಬೋಲ್ಟು ಬಿಚ್ಚುವ ಪಾನಾದಿಂದ ಒಂದು ಏಟು. ಬೀದಿಯೇ ನಗುತ್ತಿತ್ತು. ಎಷ್ಟೋ ತಿಂಗಳ ಮೇಲೆ ನಾನೂ ನಕ್ಕೆ. ಆದರೆ ಚಾಚಾ ತಾವು ಒಮ್ಮೆಯೂ ಆ ಸೀಟಿನಲ್ಲಿ ಕೂತು ಈ ಅಭ್ಯಾಸ ಮಾಡಲಿಲ್ಲ.

ಗ್ಯಾರೇಜಿಗೆ ಒಂದು ಕಟ್ಟಳೆಯಿತ್ತು. ರಿಪೇರಿಯಾದ ಗಾಡಿಯ ಮೊದಲ ಸುತ್ತು ಚಾಚಾನದೇ. "ನನ್ನ ಕೆಲಸಾ ಕೆಟ್ಟಿದ್ರ ನನ್ನ ಮ್ಯಾಲೆ ಬೀಳ್ಲಿ, ಗಿರಾಕಿ ಮ್ಯಾಲೆ ಯಾಕ?" ಎನ್ನುತ್ತಿದ್ದರು. ನನ್ನ ಗಾಡಿ ತಯಾರಾದ ದಿನ ನಾನು, "ಚಾಚಾ, ಇದು ಎಡಗಾಲಿನ ಗೇರು, ನಾನ ಹೋಗಿ ಬರ್ತೇನ್ರಿ" ಎಂದೆ. "ದಾರ್ಯಾಗ ಮಾವಾರು ಬಂದ್ರ ಗಾಬರಿ ಆಗ್ತೀರಿ, ಸುಮ್ನ ನಿಂದರ್ರಿ" ಎಂದು ನಗುತ್ತ ಹತ್ತಿದರು. ಅದೇ ಸೀಟು, ಅದೇ ಸಪ್ಪಳ. ಅವರ ಮೈ ಅದನ್ನು ಹಳೆಯ ಗಾಡಿಯೆಂದೇ ನಂಬಿತೋ ಏನೋ. ಬೀದಿಯ ಕೊನೆಯಲ್ಲಿ ಅಡ್ಡ ರಸ್ತೆಯಿಂದ ಒಂದು ಟಂಟಂ ಆಟೊ ನುಗ್ಗಿತು. ಹಿಂದೆ ನಿಂತಿದ್ದ ನನಗೆ ಅವರ ಎಡಗಾಲು ಕೆಳಗಿಳಿದದ್ದು ಕಂಡಿತು. "ಬಲಗಾಲು! ಚಾಚಾ, ಬಲಗಾಲು!" ಎಂದು ಗಂಟಲು ಹರಿಯುವಂತೆ ಕೂಗಿದೆ. ಗೇರು ಇಳಿದು ಗಾಡಿ ಗುರ್ರೆಂದಿತು, ನಿಲ್ಲಲಿಲ್ಲ.

ದವಾಖಾನೆಯಲ್ಲಿ ಚಾಚಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ತಲಿಗೆ ಪೆಟ್ಟ ಬಿದ್ದೈತಂತ. ನಿಮ್ಮ ದನಿ ಕೇಳಿ ಕಣ್ಣ ತೆರೀತಾರೇನೋ, ಮಾತಾಡಸ್ರಿ ಸಾವ್ಕಾರ್ರ" ಎಂದು ಒಳಗೆ ಕಳಿಸಿದರು. ನಾನು ಚಾಚಾನನ್ನು ಕಂಡದ್ದು ಅದೇ ಕೊನೆ. ಮರುದಿನ ಅವರು ಹೋಗಿಬಿಟ್ಟರು.

ಅಂದು ನಾನು ಒಳಗೆ ಹೋದಾಗ ಅವರಿಗೆ ಎಚ್ಚರವಿರಲಿಲ್ಲ. ಹೊದಿಕೆಯ ಕೆಳಗೆ ಎಡಗಾಲು ಮಾತ್ರ ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಎರಡೂ ಕೈಯಿಂದ ಆ ಪಾದವನ್ನು ಹಿಡಿದುಕೊಂಡೆ. "ನಿಂತೈತ್ರಿ ಚಾಚಾ. ಗಾಡಿ ನಿಂತೈತಿ. ಯಾರಿಗೂ ಏನೂ ಆಗಿಲ್ಲ. ಇನ್ನ ಬಿಡ್ರಿ, ಚಾಚಾ, ಬಿಡ್ರಿ" ಎಂದು ಮತ್ತೆ ಮತ್ತೆ ಹೇಳಿದೆ. ಅದು ನನ್ನ ಅಂಗೈಯನ್ನು ತುಳಿಯುತ್ತಲೇ ಇತ್ತು.