ಹತ್ತು ತಿಂಗಳು ಎಂದವರು ಯಾರು?

"ಕೊಬ್ಬರಿ ಆಗ್ಬೇಕಂದ್ರೆ ಕಾಯಿಗೆ ವರ್ಷ ತುಂಬ್ಬೇಕು ಕಣ್ಲಾ!" ಹತ್ತು ತಿಂಗಳ ಹಿಂದೆ ಅಟ್ಟದಲ್ಲಿ ಒಣಗಲು ಹಾಕಿದ್ದ ಕಾಯಿ ಇಳಿಸಲು ನಾನು ಹೊರಟರೆ, ನುಗ್ಗೇಹಳ್ಳಿಯ ನಮ್ಮ ಚಿಕ್ಕಮ್ಮ ಏಣಿಗೆ ಅಡ್ಡ ನಿಂತರು. ಮರುದಿನವೇ ಕಾಯಿ ಸುಲಿಯುವವರು ಬರುವವರಿದ್ದರು. ನಾನು ಮೊಬೈಲ್ ತೆಗೆದು, ವೆಬ್‌ನಲ್ಲಿ ಹುಡುಕಿ ಹೇಳು ಎಂದು ಎಐಯನ್ನು ಕೇಳಿದೆ. ಈ ಭಾಗದಲ್ಲಿ ಹತ್ತು ತಿಂಗಳು ಸಾಕು ಎಂದು ಅದು ಖಚಿತವಾಗಿ ಹೇಳಿತು. ಗೆದ್ದೆ ಎಂದುಕೊಂಡು, ಅದು ಆಧಾರವಾಗಿ ಕೊಟ್ಟಿದ್ದ ಲಿಂಕ್ ಒತ್ತಿದೆ. ಕೃಷಿ ಲೇಖನವೊಂದರ ಕೆಳಗೆ ಹಿಂದೆಂದೋ ನಾನೇ ಹಾಕಿದ್ದ ಕಾಮೆಂಟ್ ತೆರೆದುಕೊಂಡಿತು: "ಹತ್ತು ತಿಂಗಳು ಸಾಕು ಅಂತ ನಮ್ಮ ಚಿಕ್ಕಮ್ಮ ಹೇಳ್ತಾರೆ."

ಓದಿ ಹೇಳಿದೆ. ಚಿಕ್ಕಮ್ಮ ಕಣ್ಣರಳಿಸಿದರು. "ನಾನ್ಯಾವಾಗ್ಲಾ ಅಂಗಂದೆ?"

ಕಾಯಿ ಇನ್ನೂ ಅಟ್ಟದಲ್ಲೇ ಇದೆ. ಚಿಕ್ಕಮ್ಮ ಮರೆತರೋ, ನಾನೇ ತಪ್ಪು ಬರೆದೆನೋ ತಿಳಿಯುತ್ತಿಲ್ಲ. ಎಐಯನ್ನು ಮತ್ತೆ ಕೇಳಿದರೆ, ಅದು ನನ್ನನ್ನೇ ತೋರಿಸುತ್ತದೆ.