ಟೇಪಿನ ಇನ್ನೊಂದು ತುದಿ

ನಮ್ಮಣ್ಣನಿಗೆ ಐವತ್ತೊಂದನೇ ವಯಸ್ಸಿನಲ್ಲಿ ಓದುವ ಹುಚ್ಚು ಹಿಡಿಯಿತು. ಕಟ್ಟಡಗಳಿಗೆ ಬೆಲೆ ಕಟ್ಟುವ ಕಚೇರಿಯೊಂದರಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಸಹಾಯಕ. ಅಳೆಯುವವನು ಅವನು, ಲೆಕ್ಕ ಹಾಕುವವನು ಅವನು, ವರದಿ ಬರೆಯುವವನೂ ಅವನೇ. ಸಹಿ ಮಾತ್ರ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಯಾರದ್ದೋ. ಬಾಡಿಗೆ ತರುವ ವಾಣಿಜ್ಯ ಕಟ್ಟಡಗಳ ಮೌಲ್ಯಮಾಪನದಲ್ಲಿ ಮೇಲಿನ ಹಂತದ ಪರೀಕ್ಷೆಯೊಂದಿದೆಯಂತೆ. ಅದು ಪಾಸಾದರೆ ಅವನೂ ಸಹಿ ಹಾಕಬಹುದಿತ್ತು.

"ಸಾಯೋದ್ರೊಳಗೆ ಒಂದು ವರದಿಗಾದ್ರೂ ನನ್ನ ಸಹಿ ಬೀಳ್ಬೇಕು ಕಣೇ," ಎಂದ.

"ಬಿಡ್ತು ಅನ್ನು! ಓದೋದಿದ್ರೆ ಓದು, ಸಾಯೋ ಮಾತೆಲ್ಲ ಯಾಕೆ?" ಎಂದು ಗದರಿದೆ.

ನನ್ನದು ಬಟ್ಟೆ ರಿಪೇರಿ ಅಂಗಡಿ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ದಪ್ಪಗಾದವರ ಅಂಗಿ ಬಿಚ್ಚಿ ಅಗಲ ಮಾಡುವುದು. ಮೂರು ಮಹಡಿಯ ಹಳೇ ಕಟ್ಟಡದಲ್ಲಿ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಪಕ್ಕ, ಏಳನೇ ನಂಬರು. ಗಂಡ ಹೋದ ಮೇಲೆ ನನ್ನನ್ನು ನಿಲ್ಲಿಸಿದ್ದು ಅದೇ. ಇಪ್ಪತ್ತೆರಡು ವರ್ಷ ನಾನು ಮನೆಯಲ್ಲಿ ಕೂತದ್ದಕ್ಕಿಂತ ಅಲ್ಲಿ ಕೂತದ್ದೇ ಹೆಚ್ಚು.

ಅಣ್ಣ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಬಂದು, ನನ್ನ ಕತ್ತರಿಸುವ ಮೇಜಿನ ಅರ್ಧಕ್ಕೆ ಪುಸ್ತಕ ಹರಡಿಕೊಳ್ಳುತ್ತಿದ್ದ. ಅರ್ಥವಾದದ್ದನ್ನು ಯಾರಿಗಾದರೂ ಹೇಳದಿದ್ದರೆ ಅವನಿಗೆ ಸಮಾಧಾನವಿಲ್ಲ.

"ಕಟ್ಟಡದ ಬೆಲೆ ಇಟ್ಟಿಗೇಲಿ ಇಲ್ಲ ಕಣೇ. ಮುಂದೆ ಎಷ್ಟು ವರ್ಷ, ಎಷ್ಟು ಬಾಡಿಗೆ ಬರತ್ತೆ ಅನ್ನೋದ್ರಲ್ಲಿದೆ. ಅದನ್ನೆಲ್ಲ ಇವತ್ತಿನ ಬೆಲೆಗೆ ಇಳಿಸ್ಬೇಕು."

"ನಾಳೆ ಬರೋದಕ್ಕೆ ಇವತ್ತೇ ಬೆಲೆನಾ? ಭಲೇ ಇದ್ದೀರಪ್ಪ! ನಾನು ಬಂದ ಮನುಷ್ಯನ ಸೊಂಟ ಅಳೀತೀನಿ. ಮುಂದೆ ಎಷ್ಟು ದಪ್ಪ ಆಗ್ತಾನೆ ಅಂತ ಅಳೆಯಲ್ಲ."

ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆ ನಗು ಈಗಲೂ ಕಿವಿಯಲ್ಲಿದೆ.

ಪರೀಕ್ಷೆಗೆ ಒಂದು ನಿಜವಾದ ಕಟ್ಟಡದ ವರದಿ ಬರೆದು ಕೊಡಬೇಕಿತ್ತು. ಎಲ್ಲ ಬಾಡಿಗೆದಾರರ ಕರಾರು ನೋಡಬೇಕು. ಗುರುತಿಲ್ಲದವನಿಗೆ ಯಾರು ತೋರಿಸುತ್ತಾರೆ? "ನಮ್ಮ ಕಟ್ಟಡವೇ ಬರಿಯೋ," ಎಂದವಳು ನಾನು. ಹೌದು, ನಾನೇ. ಅಂಗಡಿ ಅಂಗಡಿ ಹತ್ತಿ ಇಳಿದು, "ನಮ್ಮಣ್ಣ ಓದ್ತಿದ್ದಾನೆ, ಸ್ವಲ್ಪ ತೋರಿಸ್ರಿ," ಎಂದು ಕಾಗದ ಕೇಳಿದವಳೂ ನಾನೇ. ಪಕ್ಕದ ಗಡಿಯಾರ ರಿಪೇರಿ ಅಂಗಡಿಯ ಮಾಮ ತಮ್ಮ ಕರಾರನ್ನು ಟ್ರಂಕಿನ ತಳದಿಂದ ತೆಗೆದು, ಧೂಳು ಒರೆಸಿ ಕೊಟ್ಟರು.

ಮಾಲೀಕರೂ ಒಪ್ಪಿದರು. ವಯಸ್ಸಾದವರು, ಸೋಮಾರಿ. ಬಾಡಿಗೆ ಏರಿಸಲೂ ಸೋಮಾರಿತನ, ಅದರಿಂದಲೇ ನಾವೆಲ್ಲ ಬದುಕಿದ್ದೆವು. ಒಳಗೆ ಬಿಟ್ಟ ಮಾಲೀಕರಿಗೆ ಕೃತಜ್ಞತೆಯಾಗಿ ವರದಿಯ ಒಂದು ಪ್ರತಿ ಕೊಡುವುದು ಆ ಓದಿನವರ ಪದ್ಧತಿ.

ಕಚೇರಿಯವರೆಲ್ಲ ಅಳೆಯುವ ಲೇಸರ್ ಹಿಡಿದು ಓಡಾಡಿದರೂ ಅಣ್ಣನಿಗೆ ಉಕ್ಕಿನ ಟೇಪೇ ಆಗಬೇಕು. ಮೇಜಿನ ಮೇಲಿಂದ ಟೇಪು ಹಾಯಿಸಿ, ನಾನೊಂದು ತುದಿ ಹಿಡಿದೆ, ಅವನೊಂದು. "ಒಂಬತ್ತು ಅಡಿ ನಾಲ್ಕು ಅಂಗುಲ," ಎಂದು ಕೂಗಿದ. "ಅರಮನೆ ಕಣೋ!" ಎಂದೆ.

ಅಣ್ಣ ಎಂಬತ್ತೇಳು ಅಂಕ ತೆಗೆದು ಪಾಸಾದ. ನೀಲಿ ರಿಬ್ಬನ್ನು ಕಟ್ಟಿದ ಪ್ರತಿಯನ್ನು ಮಾಲೀಕರಿಗೆ ತಾನೇ ಕೊಟ್ಟು ಬಂದ. ನಾನು ಇಡೀ ಅಂಗಡಿ ಸಾಲಿಗೆ ಟೀ ಕೊಡಿಸಿದೆ.

ಮೂರು ತಿಂಗಳಿಗೆ ನೋಟಿಸು ಬಂತು. ಕರಾರು ಮುಗಿದ ಮೇಲೆ ಮುಂದುವರಿಸುವುದಿಲ್ಲ, ಜಾಗ ಬಿಡಿ. ನನಗೆ, ಮಾಮನಿಗೆ, ಸಾಲಿನ ಎಲ್ಲರಿಗೂ. ಅಣ್ಣ ಓದಿದವನೇ ಮಾಲೀಕರ ಮನೆಗೆ ಓಡಿದ.

ಹಿಂದಿರುಗಿದವನ ಮುಖದಲ್ಲಿ ರಕ್ತವಿರಲಿಲ್ಲ. ನಡೆದದ್ದನ್ನು ಅವನೇ ಹೇಳಿದ. ಮಾಲೀಕರು ವರದಿಯ ನಲವತ್ತೊಂದನೇ ಪುಟ ತೆರೆದು ತೋರಿಸಿದರಂತೆ. ಒಂದು ಕಡೆ ಈಗ ಬರುವ ಬಾಡಿಗೆ, ಇನ್ನೊಂದು ಕಡೆ ಪೇಟೆಯಲ್ಲಿ ಸಿಗಬಹುದಾದ ಬಾಡಿಗೆ, ಮೂರು ಪಟ್ಟು. ಹಳೇ ಬಾಡಿಗೆದಾರರು ಹೋದರೆ ಕಟ್ಟಡದ ಬೆಲೆ ಎಷ್ಟಕ್ಕೇರುತ್ತದೆ ಎನ್ನುವುದೂ ಕೆಳಗಿತ್ತು. ಅದರಡಿ ಕೆಂಪು ಪೆನ್ಸಿಲಿನ ಗೆರೆ.

"ಅದು ಪರೀಕ್ಷೆಗೆ ಬರೆದಿದ್ದು ಅಂದೆ ಕಣೇ. 'ಪರೀಕ್ಷೆಗೆ ಅಂತ ಸುಳ್ಳು ಬರೆದ್ರಾ?' ಅಂತ ಕೇಳಿದ್ರು."

"ನೀನೇನಂದೆ?"

"ಇಲ್ಲ ಅಂದೆ."

ನನಗೆ ಮೈ ಉರಿಯಿತು. "ಹೌದು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ತಂಗಿಗೋಸ್ಕರ ಒಂದು ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ವಾ ನಿಂಗೆ? ಹೋಗು, ನನ್ನ ಕಣ್ಮುಂದೆ ನಿಲ್ಬೇಡ!"

ಹೋದ. ಮರುದಿನದಿಂದ ಮಧ್ಯಾಹ್ನ ಮೇಜಿನ ಆ ಅರ್ಧ ಖಾಲಿ. ನಾನೂ ಅಲ್ಲಿ ಬಟ್ಟೆ ಹರಡಲಿಲ್ಲ. ಸಿಟ್ಟು ಎಷ್ಟಿತ್ತೋ ಸಂಕಟವೂ ಅಷ್ಟೇ ಇತ್ತು. ಅವನು ಬರೆದದ್ದರಲ್ಲಿ ತಪ್ಪಿದ್ದರೆ ನೆಮ್ಮದಿಯಾಗಿ ಬೈದುಕೊಂಡಿರುತ್ತಿದ್ದೆ.

ಕೊನೆಯ ದಿನ ಮಾಮ ಗೋಡೆಯ ಗಡಿಯಾರಗಳನ್ನು ಒಂದೊಂದಾಗಿ ಇಳಿಸಿ ಹಳೇ ಸೀರೆಯಲ್ಲಿ ಸುತ್ತಿದರು. ನನ್ನ ಮೇಜು, ಮಿಷನ್ನು ಬೆಳಿಗ್ಗೆಯೇ ಗಾಡಿಯಲ್ಲಿ ಹೋಗಿದ್ದವು. ದಾರದ ಚೂರು ಗುಡಿಸುತ್ತಿದ್ದೆ. ಬಾಗಿಲಲ್ಲಿ ಅಣ್ಣ ನಿಂತಿದ್ದ. ಕೈಯಲ್ಲಿ ಟೇಪು.

"ಕಟ್ಟಡ ಮಾರ್ತಿದ್ದಾರೆ. ಕೊಳ್ಳೋರು ನಮ್ಮ ಕಚೇರಿಗೆ ವರದಿ ಕೇಳಿದ್ದಾರೆ. ನಿಂಗೆ ಗೊತ್ತಿರೋ ಜಾಗ, ನೀನೇ ಸಹಿ ಮಾಡು ಅಂದ್ರು." ಟೇಪನ್ನು ಇನ್ನೊಂದು ಕೈಗೆ ಬದಲಿಸಿದ. "ನಿನ್ನ ಮುಖ ನೋಡಿ ಹೋಗೋಣ ಅಂತ ಬಂದೆ. ನಾನು ಮಾಡಲ್ಲ ಅಂತ ಹೇಳಿಬಿಡ್ತೀನಿ."

ಇಪ್ಪತ್ತಾರು ವರ್ಷ ಕಾದವನು. ಕಾಲರು ಹರಿದಿತ್ತು, ಹೊಲಿದುಕೊಡುವವಳು ಮುನಿಸಿಕೊಂಡಿದ್ದಳಲ್ಲ.

"ಮಾಡು," ಎಂದೆ.

"ನನ್ನ ಕೈಲಾಗಲ್ಲ ಕಣೇ."

"ನನ್ನ ಅಂಗಡಿ ಹೋಯ್ತು. ನಿನ್ನ ಸಹಿಯೂ ಹೋದ್ರೆ ಇಬ್ಬರದ್ದೂ ಹೋದ ಹಾಗಾಯ್ತಲ್ಲೋ. ಕೊಡಿಲ್ಲಿ."

ಟೇಪಿನ ತುದಿ ಕಸಿದುಕೊಂಡು ಗೋಡೆಗೆ ಒತ್ತಿ ಕೂತೆ. ಅಡ್ಡ ಮೇಜಿಲ್ಲದ್ದಕ್ಕೆ ಟೇಪು ನೆಲದ ಮೇಲೆ ನೇರವಾಗಿ ಹೋಯಿತು. ಆಚೆ ತುದಿಯಲ್ಲಿ ಅವನು ಬಗ್ಗಿದ. ಎಷ್ಟು ಹೊತ್ತಾದರೂ ಅಳತೆ ಕೂಗಲಿಲ್ಲ, ಅವನ ಭುಜ ಅಲುಗುತ್ತಿತ್ತು.

"ಒಂಬತ್ತು ಅಡಿ ನಾಲ್ಕು ಅಂಗುಲ. ಬರ್ಕೋ," ಎಂದೆ.

ಬರೆದುಕೊಂಡ. ಪಕ್ಕದಲ್ಲಿ ಬಾಡಿಗೆದಾರರ ಹೆಸರಿಗೆ ಒಂದು ಸಾಲಿತ್ತು. ಅಲ್ಲಿ ಪೆನ್ನು ನಿಂತಿತು. ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. 'ಖಾಲಿ' ಎಂದು ಬರೆದ.