ಬೆಲ್ಲ ತಿಂದು ವಿಮೆ ಪರೀಕ್ಷೆಗೆ ಹೋದದ್ದು

ಟೆಸ್ಟ್ ಟ್ಯೂಬಿನಲ್ಲಿದ್ದ ನೀಲಿ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಮಧುಗಿರಿ ಆಸ್ಪತ್ರೆಯ ಡಾಕ್ಟರು ಅದನ್ನು ಸ್ಪಿರಿಟ್ ದೀಪದಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ನನ್ನ ಮುಖ ನೋಡಿದರು.

"ಮೇಷ್ಟ್ರೇ, ಬೆಳಿಗ್ಗೆ ಏನು ತಿಂದಿದ್ರಿ?"

ಮೂವತ್ತು ವರ್ಷ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳಿದವನು ನಾನು. ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ಆದರೂ ಆ ಹೊತ್ತು ನಿಜ ಹೇಳಲು ನಾಚಿಕೆಯಾಯಿತು. ಬೆಲ್ಲ ಕಲಸಿದ ಹುರಿಹಿಟ್ಟಿನ ಉಂಡೆ ಎರಡು, ಮೇಲೊಂದು ಚೊಂಬು ಪಾನಕ.

"ಮೂತ್ರದಲ್ಲಿ ಸಕ್ಕರೆ ಇದೆ. ಡಯಾಬಿಟಿಸ್" ಎಂದರು.

ನಾನು ಹೋಗಿದ್ದು ಕಾಯಿಲೆ ತೋರಿಸಲು ಅಲ್ಲ. ಕಾಯಿಲೆ ಇಲ್ಲವೆಂದು ಬರೆಸಿಕೊಂಡು ಬರಲು.

ರಿಟೈರಾಗಿ ಎಂಟು ತಿಂಗಳಾಗಿತ್ತು. ನಮಗೆ ಮಕ್ಕಳಿಲ್ಲ. ಪಿಂಚಣಿ ನನ್ನ ಉಸಿರಿರುವ ತನಕ ಮಾತ್ರ. ನಾನು ಹೋದ ಮೇಲೆ ನನ್ನ ಹೆಂಡತಿ ಗಂಗಮ್ಮನಿಗೆ ಯಾರು ಎನ್ನುವ ಯೋಚನೆ ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ. ಮೇಜಿನ ಮೇಲೆ ಎರಡು ಕಾಗದ ಇದ್ದವು. ಒಂದು, ಅವಳ ತಮ್ಮ ರಾಮಣ್ಣ ತಂದಿಟ್ಟಿದ್ದ ವಿಮೆಯ ಅರ್ಜಿ. ಅವನು ಕೊಳಾಲದಿಂದ ಬಂದುಹೋಗುವ ಏಜೆಂಟು. ಇನ್ನೊಂದು, ನಿವೃತ್ತರ ಸಂಘದ ಸದಸ್ಯತ್ವದ ಅರ್ಜಿ. ಅದನ್ನು ಕೊಟ್ಟವರು ಸಂಘದ ಕಾರ್ಯದರ್ಶಿ ಸತ್ತಾರ್ ಸಾಹೇಬರು, ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ರಿಟೈರಾಗಿ ನಮ್ಮೂರಲ್ಲೇ ನೆಲೆಸಿದ್ದ ಸಿರಾ ಕಡೆಯ ಹಿರಿಯರು. ಪೇಪರು ಓದುವ ಕೋಣೆ, ಪಿಂಚಣಿ ಕಾಗದ ಬರೆದುಕೊಡುವುದು, ಸದಸ್ಯ ಹಾಸಿಗೆ ಹಿಡಿದರೆ ಉಳಿದವರು ಸರದಿಯ ಮೇಲೆ ಬಂದು ಕೂರುವುದು: ಇವು ಸಂಘದ ಅನುಕೂಲಗಳು. ಸದಸ್ಯ ತೀರಿಕೊಂಡರೆ ರಿಜಿಸ್ಟರಿನಲ್ಲಿ ಅವನ ಹೆಸರಿಗೆ ಕೆಂಪು ಗೆರೆ. ಅಲ್ಲಿಗೆ ಮುಗಿಯಿತು.

ವಿಮೆಯ ಫಲ ನಾನು ಹೋದ ಮೇಲೆ. ಸಂಘದ ಫಲ ನಾನು ಇರುವ ತನಕ. ಗಂಗಮ್ಮನಿಗಾಗಿ ವಿಮೆಯೇ ಸರಿ ಎಂದುಕೊಂಡೆ.

"ಬಾವ, ಡಾಕ್ಟ್ರು ತೂಕ ನೋಡ್ತಾರೆ. ಒಸಿ ಮೈ ತುಂಬ್ಕಳಿ, ಹಿಂಗ್ ಸೊರಗಿದ್ರೆ ಒಪ್ಪಲ್ಲ" ಎಂದ ರಾಮಣ್ಣ. ನಿಜಕ್ಕೂ ಸೊರಗಿದ್ದೆ. ಅಂಗಿ ಜೋಲುತ್ತಿತ್ತು. ಗಂಟೆಗೊಮ್ಮೆ ನೀರು ಬೇಕೆನಿಸುತ್ತಿತ್ತು. ಪಾಠವಿಲ್ಲದೆ ಕೂತವನಿಗೆ ಇದೆಲ್ಲ ಇದ್ದದ್ದೇ ಎಂದು ನಾನೂ ಗಂಗಮ್ಮನೂ ತೀರ್ಮಾನಿಸಿದ್ದೆವು. ಅಕ್ಕ ತಮ್ಮ ಸೇರಿ ಹದಿನೈದು ದಿನ ನನಗೆ ಬೆಲ್ಲ ತಿನ್ನಿಸಿದರು. ನಾನೂ ಕೊಟ್ಟಿದ್ದನ್ನೆಲ್ಲ ಸಂತೋಷವಾಗಿಯೇ ತಿಂದೆ.

ಡಾಕ್ಟರು ನನ್ನ ಬಲಗಾಲು ಎತ್ತಿಸಿ ನೋಡಿದರು. ಚಪ್ಪಲಿ ಕಚ್ಚಿದ ಹುಣ್ಣು ಎರಡು ತಿಂಗಳಿಂದ ವಾಸಿಯಾಗಿರಲಿಲ್ಲ. ಬೆರಳು ಕಪ್ಪಾಗಿತ್ತು.

"ಇವತ್ತೇ ಅಡ್ಮಿಟ್ ಆಗಿ. ಬಿಟ್ಟರೆ ಕಾಲು ಉಳಿಯಲ್ಲ."

ವಾರ್ಡಿನ ಕಬ್ಬಿಣದ ಮಂಚದ ಪಕ್ಕ ಗಂಗಮ್ಮ ನೆಲದ ಮೇಲೆ ಕೂತಳು. "ನಾನೇ ಬೆಲ್ಲ ತಿನ್ಸಿ ನಿಮ್ಮನ್ನ ಕೆಡಿಸ್ಬುಟ್ಟೆ" ಎಂದು ಸೆರಗು ಬಾಯಿಗೆ ಇಟ್ಟುಕೊಂಡಳು. ಮೂರು ದಿನ ನನಗೆ ಬೆಲ್ಲ ಕೊಡದೆ ಮತ್ತೆ ಯೂರಿನ್ ಟೆಸ್ಟ್ ಮಾಡಿದರು. ಆಗಲೂ ಅದೇ ಇಟ್ಟಿಗೆ ಬಣ್ಣ. "ನೋಡಿ ತಾಯಿ, ಕಾಯಿಲೆ ಮೊದಲೇ ಇತ್ತು. ವಿಮೆ ಅಂತ ಇವರು ಬಂದದ್ದೇ ಒಳ್ಳೆಯದಾಯ್ತು" ಎಂದರು ಡಾಕ್ಟರು. ಅವಳು ನಂಬಿದಳೋ ಇಲ್ಲವೋ. ಇವತ್ತಿಗೂ ನಮ್ಮ ಮನೆಯಲ್ಲಿ ಬೆಲ್ಲದ ಡಬ್ಬ ಅಟ್ಟದ ಮೇಲಿದೆ.

ವಿಮೆಯ ಅರ್ಜಿ ವಾಪಸು ಬಂತು. ಆಗುವುದಿಲ್ಲ ಎಂದು ಒಂದೇ ಸಾಲು.

ಅವತ್ತು ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಕಾಲಿನ ನೋವಿಗಿಂತ ಅದೇ ದೊಡ್ಡದಾಗಿತ್ತು.

ನಾನಿನ್ನೂ ಸಂಘಕ್ಕೆ ಸೇರಿರಲಿಲ್ಲ. ಆದರೂ ನಾಲ್ಕನೆಯ ದಿನದಿಂದ ಸಂಘದವರು ಸರದಿಯ ಮೇಲೆ ಬರತೊಡಗಿದರು. ಒಬ್ಬರು ಪೇಪರು ಓದಿ ಹೇಳಿದರು, ಒಬ್ಬರು ಡ್ರೆಸಿಂಗ್ ಮಾಡುವಾಗ ಕೈ ಹಿಡಿದುಕೊಂಡರು. ಗಂಗಮ್ಮನನ್ನು ಸ್ನಾನಕ್ಕೂ ಊಟಕ್ಕೂ ಮನೆಗೆ ಕಳಿಸಿದರು. ನಾನು ಸದಸ್ಯನಲ್ಲವಲ್ಲ ಎಂದು ಸತ್ತಾರ್ ಸಾಹೇಬರ ಹತ್ತಿರ ಸಂಕೋಚದಿಂದ ಹೇಳಿದೆ.

"ರಿಜಿಸ್ಟ್ರು ನನ್ನ ತಾವೇ ಐತೆ ಮೇಷ್ಟ್ರೇ. ಮೊದ್ಲು ಕಾಲು ನೋಡ್ಕಳಾನ, ಆಮ್ಯಾಕೆ ಬರ್ಕಂಡ್ರಾಯ್ತು."

ಬೆರಳೊಂದು ಹೋಯಿತು. ಕಾಲು ಉಳಿಯಿತು.

ಮನೆಗೆ ಬಂದ ಮೇಲೆ ದಿನಾ ಇನ್ಸುಲಿನ್ ಇಂಜೆಕ್ಷನ್. ಸೀಸೆಯನ್ನು ಮಣ್ಣಿನ ಮಡಕೆಯ ತಂಪಿನಲ್ಲಿ ಇಡುತ್ತಿದ್ದೆವು. ಗಾಜಿನ ಸಿರಿಂಜನ್ನು ಗಂಗಮ್ಮ ಕುದಿಸುತ್ತಿದ್ದಳು. ಚುಚ್ಚುತ್ತಿದ್ದವರು ಸತ್ತಾರ್ ಸಾಹೇಬರು. "ಮೂವತ್ತು ವರ್ಷ ಎತ್ತು ಎಮ್ಮೆಗೆ ಚುಚ್ಚಿದೀನಿ, ಒಂದೂ ದೂರು ಹೇಳಿಲ್ಲ" ಎನ್ನುತ್ತಿದ್ದರು. ಒಂದು ವಾರ ಕಳೆದ ಮೇಲೆ ಸಿರಿಂಜನ್ನು ಅವಳ ಕೈಗೇ ಕೊಟ್ಟರು. ಅವಳು ಬದನೆಕಾಯಿಗೆ ಚುಚ್ಚಿ ಕಲಿತಳು. ಮೂರು ದಿನ ನಮ್ಮ ಮನೆಯಲ್ಲಿ ಅದೇ ಪಲ್ಯ. ನಾಲ್ಕನೆಯ ದಿನ ನನ್ನ ತೋಳು. ಅವಳ ಕೈ ನಡುಗಲಿಲ್ಲ. ನಾನೇ ಕಣ್ಣು ಮುಚ್ಚಿದ್ದೆ. ಆಮೇಲೆ ಪಕ್ಕದ ಬೀದಿಯ ಇಬ್ಬರು ಪಿಂಚಣಿದಾರರೂ ಬೆಳಿಗ್ಗೆ ನಮ್ಮ ಜಗುಲಿಗೆ ಬಂದು ತೋಳು ಚಾಚತೊಡಗಿದರು.

ಮೊನ್ನೆ ಸಾಹೇಬರು ರಿಜಿಸ್ಟರ್ ಹಿಡಿದುಕೊಂಡು ಬಂದರು. ನಾನು ಸಹಿ ಹಾಕಿದೆ. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು: "ನನ್ನ ಹೆಸರಿಗೆ ಗೆರೆ ಬಿದ್ದ ಮೇಲೆ ಇವಳಿಗೆ ಯಾರು ಸಾಹೇಬ್ರೆ?"

ಸಾಹೇಬರು ರಿಜಿಸ್ಟರನ್ನು ಗಂಗಮ್ಮನ ಕಡೆ ತಿರುಗಿಸಿ ಪೆನ್ನು ಚಾಚಿದರು.

"ನಾನೆಲ್ಲಿ ರಿಟೈರಾಗಿದೀನಿ ಅಣ್ಣ?" ಎಂದಳು. "ಒಲೆ ಮುಂದಿಂದ ನನ್ನನ್ನ ಇನ್ನೂ ಯಾರೂ ಬುಟ್ಟಿಲ್ಲ."

"ಕಮಿಟಿಯೋರೆಲ್ಲ ಒಪ್ಪವ್ರೆ ತಂಗಿ. ನನ್ನ ಕೈ ನಡುಗ್ತಾ ಐತೆ. ಸೂಜಿ ಹಾಕೋರು ಸಂಘಕ್ಕೆ ಬೇಕು. ಮೇಷ್ಟ್ರ ಹೆಂಡ್ತಿ ಅಂತ ಅಲ್ಲ, ನಿನ್ನ ಹೆಸ್ರು ನಿಂದೇ ಸಾಲಲ್ಲಿ ಬರಿ."

ಮದುವೆಯಾದ ಹೊಸದರಲ್ಲಿ ನಾನೇ ಕಲಿಸಿದ್ದ ಅಕ್ಷರಗಳನ್ನು ಅವಳು ಒಂದೊಂದಾಗಿ, ಗುಂಡಗೆ ಬರೆದಳು. ನನ್ನ ಹೆಸರಿನ ಕೆಳಗೆ, ಬೇರೆಯದೇ ನಂಬರಿನಲ್ಲಿ. ಮೇಲಿನ ಸಾಲಿಗೆ ಗೆರೆ ಬಿದ್ದರೂ ಅದು ಉಳಿಯುತ್ತದೆ. ನನಗೆ ಅಳು ಬಂತು, ಅತ್ತುಬಿಟ್ಟೆ.

ಅವಳು ಪೆನ್ನು ಕೆಳಗಿಟ್ಟು ಗಡಿಯಾರ ನೋಡಿದಳು.

"ಹೊತ್ತಾಯ್ತು. ಅಂಗಿ ತೋಳು ಮಡಿಸ್ಕಳಿ" ಎಂದಳು.